ಮಳೆಯ ಲೆಕ್ಕದಿಂದ ಸೊಳ್ಳೆ ಮರಿಯ ಅಂದಾಜು: ಮಂಗಳೂರಿಗೆ ಹೊಂದುವ ಮಾದರಿ ಯಾವುದು?

ಕದ್ರಿ_ಗುಡ್ಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ವಾರ್ಡ್‌ಗಳಲ್ಲಿ ಮುಂದಿನ ವಾರ ಸೊಳ್ಳೆ ಉತ್ಪತ್ತಿ ಎಲ್ಲಿ ಜಾಸ್ತಿ ಆಗಬಹುದು ಅಂತ ಹೇಳುವ ಸಣ್ಣ ಮಾದರಿಯೊಂದನ್ನು ಕಟ್ಟಬೇಕಾಗಿದೆ. ಕೈಯಲ್ಲಿ ಪಣಂಬೂರು ಕೇಂದ್ರದ ದೈನಿಕ ಮಳೆ, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ತೇವಾಂಶ ಉಂಟು. ಮನೆಮನೆ ಲಾರ್ವಾ (ನೀರಿನಲ್ಲಿರುವ ಸೊಳ್ಳೆ ಮರಿ) ಸಮೀಕ್ಷೆಯ ಎಕ್ಸೆಲ್ ಹಾಳೆ ಉಂಟು. ಡೆಂಗೆ ಮತ್ತು ಮಲೇರಿಯಾ ಪ್ರಕರಣಗಳ ವಾರದ ಮೊತ್ತವೂ ಉಂಟು.

ಸಮಸ್ಯೆ ಎಂತ ಅಂದರೆ, ವಾರದ ಒಟ್ಟು ಮಳೆಗೂ ಲಾರ್ವಾ ಸಿಕ್ಕಿದ ಮನೆಗಳ ಪ್ರಮಾಣಕ್ಕೂ ವರ್ಷಪೂರ್ತಿಯ ಸಹಸಂಬಂಧ ಸೊನ್ನೆಯ ಆಸುಪಾಸು. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಾತ್ರ ತೆಗೆದರೆ ಸ್ಪಷ್ಟವಾಗಿ ಋಣಾತ್ಮಕ. ಉಷ್ಣಾಂಶದಿಂದ ಏನೂ ಹೊರಡುವುದಿಲ್ಲ. ಬೇರೆ ಊರುಗಳ ಅಧ್ಯಯನಗಳಲ್ಲಿ ಮಳೆ, ಉಷ್ಣಾಂಶ ಎರಡನ್ನೂ ಹಾಕಿ ನಾಲ್ಕು ವಾರದ ಲ್ಯಾಗ್ (ಹವಾಮಾನಕ್ಕೂ ಪರಿಣಾಮಕ್ಕೂ ನಡುವಿನ ಅಂತರ) ಕೊಟ್ಟರೆ ಚಂದದ ಗೆರೆ ಬರುತ್ತದೆ. ಇಲ್ಲಿ ಯಾಕೆ ಬರುವುದಿಲ್ಲ? ಮಳೆಯನ್ನು ಯಾವ ರೂಪದಲ್ಲಿ ಮಾದರಿಗೆ ಕೊಡಬೇಕು? ವಾರ್ಡ್ ಮಟ್ಟಕ್ಕೆ ಒಂದೇ ಕೇಂದ್ರದ ಡೇಟಾ ಸಾಕಾ?

---

ಮುಟ್ಟಾಳೆ

ಋಣಾತ್ಮಕ ಬಂದದ್ದು ಸರಿಯಾಗಿಯೇ ಬಂದಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ನೀರಿಗೆ ಬರ ಇಲ್ಲ, ಮರಿ ನಿಲ್ಲುವ ನೀರಿಗೆ ಬರ. ಟಯರು, ಬಕೆಟ್ಟು ದಿನಾ ತುಂಬಿ ಹರಿದರೆ ಲಾರ್ವಾ ಅದರ ಜೊತೆಯೇ ಚರಂಡಿಗೆ ಹೋಗುತ್ತದೆ. ಮಳೆ ಎರಡು ದಿನ ಬಿಟ್ಟು ಒಂದು ದಿನ ಬಂದರೆ ಮಾತ್ರ ಅದಕ್ಕೆ ಹಬ್ಬ. ಹಾಗಾಗಿ ಒಟ್ಟು ಮಳೆಯ ಬದಲು ಮಳೆಯ ಬಿಡುವನ್ನು ಅಳೆಯಬೇಕು.

ಅದಕ್ಕೂ ಮೊದಲು ಯಾವ ಸೊಳ್ಳೆ ಅಂತ ತೀರ್ಮಾನ ಮಾಡಿ. ಎಲ್ಲವನ್ನೂ ಒಂದೇ ಕಾಲಮ್ಮಿನಲ್ಲಿ ಹಾಕಿದರೆ ಮುಂದೆ ಮಾಡುವುದೆಲ್ಲ ದಂಡ. ಡೆಂಗೆಯ ಈಡಿಸ್ ಈಜಿಪ್ಟೈ ಮನೆಯ ಒಳಗೆ, ಅಂಗಳದ ಪಾತ್ರೆಗಳಲ್ಲಿ. ಅದರ ಜೊತೆಗಾರ ಈಡಿಸ್ ಆಲ್ಬೋಪಿಕ್ಟಸ್ ಗಿಡಮರ ಇರುವ ಕಡೆ, ತೋಟದ ಹಾಳೆ, ಗೆರಟೆ, ರಬ್ಬರ್ ಕಪ್‌ಗಳಲ್ಲಿ. ಮಲೇರಿಯಾದ ಅನಾಫಿಲಿಸ್ ಸ್ಟೀಫೆನ್ಸೈ ತೆರೆದ ಟಾಂಕಿ, ಬಾವಿ, ಸಂಪು, ಕಟ್ಟಡ ಕೆಲಸದ ಜಾಗದಲ್ಲಿ. ಕ್ಯೂಲೆಕ್ಸ್ ಕೊಳಚೆ ಚರಂಡಿಯದ್ದು. ನೀರು ಹರಿಯದೆ ನಿಲ್ಲುವ ಬೇಸಿಗೆಯಲ್ಲಿ ಏರಿ, ಮುಂಗಾರು ಚರಂಡಿ ತೊಳೆದಾಗ ಇಳಿಯುತ್ತದೆ. ಸಮೀಕ್ಷೆಯ ಹಾಳೆಯಲ್ಲಿ ಬರೀ ‘ಲಾರ್ವಾ ಇದೆ’ ಅಂತ ಬರೆದಿದ್ದರೆ ಪಾತ್ರೆಯ ಕಾಲಮ್ ನೋಡಿ ವಿಂಗಡಿಸಿ. ನೂರಕ್ಕೆ ನೂರು ಸರಿ ಬಾರದಿದ್ದರೂ ಕಲಸಿ ಹಾಕುವುದಕ್ಕಿಂತ ಎಷ್ಟೋ ಮೇಲು.

ಉಷ್ಣಾಂಶದಿಂದ ಏನೂ ಹೊರಡದಿರಲು ಕಾರಣ ಸರಳ. ಇಲ್ಲಿ ಸರಾಸರಿ ಉಷ್ಣಾಂಶ ಜುಲೈಯಲ್ಲಿ ಸುಮಾರು 26, ಏಪ್ರಿಲ್–ಮೇಯಲ್ಲಿ ಸುಮಾರು 29 ಡಿಗ್ರಿ. ಈ ಸಣ್ಣ ಅಂತರದಲ್ಲಿ ಈಡಿಸ್ ಮೊಟ್ಟೆಯಿಂದ ಸೊಳ್ಳೆ ಆಗುವುದಕ್ಕೆ ಎಂಟು–ಹತ್ತು ದಿನ, ಹೆಚ್ಚು ಕಡಿಮೆ ವರ್ಷಪೂರ್ತಿ. ಮಲೇರಿಯಾದ ವೈವ್ಯಾಕ್ಸ್ ಪರಾವಲಂಬಿ ಸೊಳ್ಳೆಯೊಳಗೆ ಬಲಿಯುವ ಅವಧಿಗೆ ಹಳೆಯ ಸೂತ್ರ ಒಂದುಂಟು: 105 ಅನ್ನು ಸರಾಸರಿ ಉಷ್ಣಾಂಶದಿಂದ 14.5 ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು. 25 ಡಿಗ್ರಿಗೆ 10 ದಿನ, 27ಕ್ಕೆ 8.4, 29ಕ್ಕೆ 7.2. ಚಳಿಗಾಲದಲ್ಲಿ 15 ಡಿಗ್ರಿಗೆ ಇಳಿಯುವ ದಿಲ್ಲಿಯಂಥ ಊರಿನಲ್ಲಿ ಇದೇ ಸೂತ್ರ 210 ದಿನ ಕೊಡುತ್ತದೆ, ಅಂದರೆ ಹರಡುವಿಕೆ ನಿಂತಂತೆ. ಅಲ್ಲಿ ಉಷ್ಣಾಂಶ ಬೀಗದ ಕೈ. ಇಲ್ಲಿ ಬೀಗವೇ ಇಲ್ಲ ಮಾರಾಯ್ರೆ. ತೇವಾಂಶವೂ ಹಾಗೆಯೇ, ಕಡಲ ಬದಿಯಲ್ಲಿ ಸೊಳ್ಳೆ ಒಣಗಿ ಸಾಯುವಷ್ಟು ಇಳಿಯುವುದು ಅಪರೂಪ.

ಇನ್ನೊಂದು, ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿಕೊಂಡು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬದುಕುತ್ತದೆ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಅಷ್ಟೂ ಒಟ್ಟಿಗೆ ಒಡೆಯುತ್ತದೆ. ಪತ್ತನಾಜೆಗೆ (ಮೇ ಕೊನೆಯ ತುಳುವರ ಆಚರಣೆಯ ದಿನ) ಹತ್ತು ಹನಿ ಅಂತ ಹೇಳುವ ಊರು ನಮ್ಮದು. ಹತ್ತು ಹನಿ ಇದಕ್ಕೆ ಸಾಲದು, 20 ಮಿ.ಮೀ. ಧಾರಾಳ ಸಾಕು. ‘ಹತ್ತು ದಿನವಾದರೂ ಒಣಗಿದ ಮೇಲೆ ಬಂದ ಮೊದಲ 20 ಮಿ.ಮೀ.’ ಅಂತ ಒಂದು ಪ್ರತ್ಯೇಕ ಗುರುತು ಹಾಕಿ. ಅನಾಫಿಲಿಸ್ ಮೊಟ್ಟೆಗೆ ಈ ಗುಣ ಇಲ್ಲ, ಒಣಗಿದರೆ ಹೆಚ್ಚು ದಿನ ತಾಳುವುದಿಲ್ಲ. ಅದಕ್ಕೆ ಈ ಗುರುತು ಬೇಡ.

---

ಬಜಪೆ_ರನ್‌ವೇ

ಮುಟ್ಟಾಳೆಯವರು ಹೇಳಿದ ‘ಬಿಡುವು’ ಅನ್ನು ಸಂಖ್ಯೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ವಾರದ ಮೊತ್ತ ಬಿಟ್ಟುಬಿಡಿ, ದಿನದ ಲೆಕ್ಕದಲ್ಲಿ ಒಂದು ಕಾಲ್ಪನಿಕ ಪಾತ್ರೆ ಇಡಿ. ಇಂದಿನ ನೀರು ಅಂದರೆ ನಿನ್ನೆಯ ನೀರು, ಕೂಡಿಸು ಇಂದಿನ ಮಳೆ, ಕಳೆ ಆವಿ. ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ; ಪಾತ್ರೆಯ ಆಳ ಮೀರಿದರೆ ಮೀರಿದಷ್ಟು ‘ಹರಿದದ್ದು’ ಅಂತ ಬೇರೆ ಕಾಲಮ್ಮಿಗೆ. ಎಕ್ಸೆಲ್‌ನಲ್ಲೇ ಆಗುತ್ತದೆ.

ಆಳ ಒಂದೇ ಇಟ್ಟರೆ ಸಾಲದು, ಎರಡು ನಮೂನೆ ಬೇಕು. ಅಡಿಕೆ ಹಾಳೆ, ಗೆರಟೆ, ಟರ್ಪಾಲಿನ ಮಡಿಕೆಗೆ 30 ಮಿ.ಮೀ.; ಟಯರು, ಬಕೆಟ್ಟು, ಹೂಕುಂಡದ ತಟ್ಟೆ, ಗುಜರಿ ಸಾಮಾನಿಗೆ 150 ಮಿ.ಮೀ. ಮೂರನೆಯದು ಡ್ರಮ್, ಟಾಂಕಿ. ಅದನ್ನು ತುಂಬಿಸುವುದು ನಳ್ಳಿ, ಮಳೆ ಅಲ್ಲ. ಅದನ್ನು ಈ ಲೆಕ್ಕಕ್ಕೆ ತರಬೇಡಿ. ಆವಿಗೆ ಬೇಸಿಗೆಯಲ್ಲಿ ದಿನಕ್ಕೆ 5, ಮಳೆಗಾಲದಲ್ಲಿ 3 ಮಿ.ಮೀ. ಇಟ್ಟು ಆರಂಭಿಸಿ, ನೆರಳಿನ ಪಾತ್ರೆಗೆ ಅರ್ಧ. ಉಷ್ಣಾಂಶದಿಂದ ಆವಿಯನ್ನು ಅಂದಾಜಿಸುವ ಹಾರ್ಗ್ರೀವ್ಸ್ ಸೂತ್ರ ಹಾಕುವ ಆಸೆ ಬಂದರೆ ನೆನಪಿಡಿ, ತೇವದ ಕರಾವಳಿಯಲ್ಲಿ ಅದು ಆವಿಯನ್ನು ಜಾಸ್ತಿ ತೋರಿಸುತ್ತದೆ. ಬಿಸಿಲಿನಲ್ಲಿರುವ 30 ಮಿ.ಮೀ.ನ ಹಾಳೆ ಬೇಸಿಗೆಯಲ್ಲಿ ಆರು ದಿನಕ್ಕೆ ಒಣಗುತ್ತದೆ, ಮರಿ ಸೊಳ್ಳೆಯಾಗಲು ಎಂಟು ದಿನ ಬೇಕು. ಅಂದರೆ ಮಧ್ಯೆ ಇನ್ನೊಂದು ಮಳೆ ಬಾರದೆ ಹಾಳೆಯಿಂದ ಸೊಳ್ಳೆ ಏಳುವುದಿಲ್ಲ. ಈ ಒಂದು ಅಂಶ ಮೇ ತಿಂಗಳ ಎಷ್ಟೋ ಸುಳ್ಳು ಎಚ್ಚರಿಕೆಗಳನ್ನು ತೆಗೆದುಹಾಕುತ್ತದೆ.

ಕೊಚ್ಚಿಹೋಗುವುದಕ್ಕೆ: ಆ ದಿನ ಉಳಿದ ಮರಿಯ ಪಾಲು = ಇ ಘಾತ ಋಣ (ಕೆ × ಹರಿದ ಮಿ.ಮೀ. ÷ ಆಳ). ಇ ಅಂದರೆ 2.718, ಎಕ್ಸೆಲ್‌ನ EXP. ಕೆ ಅನ್ನು 0.5ರಿಂದ ಆರಂಭಿಸಿ, ನಿಮ್ಮ ಸಮೀಕ್ಷೆಯ ಡೇಟಾಕ್ಕೆ ಹೊಂದಿಸಿಕೊಳ್ಳಿ. 150ರ ಪಾತ್ರೆಯಿಂದ ದಿನಕ್ಕೆ 120 ಮಿ.ಮೀ. ಹರಿದರೆ ಉಳಿಯುವುದು 0.67. ಅದೇ ಮಳೆ ವಾರ ಹೊಡೆದರೆ ನೂರರಲ್ಲಿ ಆರು ಉಳಿದಾವು. ಸೆಪ್ಟೆಂಬರಿನಲ್ಲಿ ದಿನಾ 7 ಮಿ.ಮೀ. ಹರಿದರೆ ಹತ್ತು ದಿನ ಕಳೆದರೂ 79 ಉಳಿಯುತ್ತವೆ. ನಿಮ್ಮ ಋಣಾತ್ಮಕ ಸಹಸಂಬಂಧ ಪೂರ್ತಿ ಇಲ್ಲೇ ಉಂಟು. ಕ್ಯೂಲೆಕ್ಸ್ ಮರಿಗೆ ಹೋಲಿಸಿದರೆ ಈಡಿಸ್ ಮರಿ ಕೊಚ್ಚಿಹೋಗುವುದು ಕಡಿಮೆ, ಬೇಗ ತಳಕ್ಕೆ ಇಳಿಯುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಕೆ ಬಳಸಬೇಡಿ.

ಇನ್ನು ಡೇಟಾ. ಹೆಚ್ಚಿನವರು ಎಡವುವುದು ಇಲ್ಲಿ.

ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ, ಬರೆಯುವುದು ಮರುದಿನದ ತಾರೀಕಿಗೆ. 12ನೇ ತಾರೀಕಿನ ಅಂಕಿ ಬಹುಪಾಲು 11ರ ಮಳೆ. ಯುರೋಪಿನ ಹವಾಮಾನ ಮರುಲೆಕ್ಕದ ಡೇಟಾ ಇಆರ್‌ಎ5-ಲ್ಯಾಂಡ್ ತೆಗೆದುಕೊಂಡರೆ ಅದರ ಗಂಟೆವಾರು ಮಳೆ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಕೂಡುತ್ತಾ ಹೋಗುವ ಮೊತ್ತ, ಅದೂ ಮೀಟರಿನಲ್ಲಿ. 24 ಅಂಕಿಗಳನ್ನು ಕೂಡಿಸಿದರೆ ಇಲ್ಲದ ಪ್ರಳಯ ಬರುತ್ತದೆ. ಮೊದಲು ಹಿಂದಿನ ಗಂಟೆಯದ್ದನ್ನು ಕಳೆದು ಬಿಡಿಸಿ, ಆಮೇಲೆ ಗ್ರೀನ್‌ವಿಚ್ 3 ಗಂಟೆಯಿಂದ ಮರುದಿನ 3ರವರೆಗೆ ಕೂಡಿಸಿ. ಅದು ನಮ್ಮ 8:30ಕ್ಕೆ ಸರಿಹೋಗುತ್ತದೆ. ಕಡಲಿನ ಚೌಕಗಳು ಅದರಲ್ಲಿ ಖಾಲಿ ಇರುತ್ತವೆ, ಪಣಂಬೂರು, ಮಲ್ಪೆಯಂಥ ಜಾಗಕ್ಕೆ ಹತ್ತಿರದ ನೆಲದ ಚೌಕವನ್ನು ಕೈಯಾರೆ ಆರಿಸಿ. ಉಪಗ್ರಹದ ಐಮರ್ಗ್ ಮಳೆ ಘಟ್ಟದ ಪಡುಬದಿಯಲ್ಲಿ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ, ಯಾಕೆಂದರೆ ಇಲ್ಲಿಯ ಮಳೆಯ ಒಂದು ದೊಡ್ಡ ಪಾಲು ಎತ್ತರಕ್ಕೆ ಏರದ ಮೋಡಗಳಿಂದ. ಮಳೆ ಬಂತಾ ಇಲ್ಲವಾ ಅನ್ನುವುದಕ್ಕೆ ಅದು ಆದೀತು, ಎಷ್ಟು ಹರಿಯಿತು ಅನ್ನುವುದಕ್ಕೆ ಬೇಡ.

ಹವಾಮಾನ ಇಲಾಖೆಯ ಚೌಕವಾರು ಮಳೆ ಡೇಟಾದ 0.25 ಡಿಗ್ರಿ ಚೌಕ ಅಂದರೆ 27 ಕಿ.ಮೀ. ಆಸುಪಾಸು, ಇಡೀ ಮಂಗಳೂರು ಒಂದೆರಡು ಚೌಕದೊಳಗೆ. ಪಣಂಬೂರಿನ ಜೊತೆ ಬಜಪೆ ಕೇಂದ್ರವನ್ನೂ ಸೇರಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಜಾಗ್ರತೆ: ಈ ಮಾಪಕಗಳ ಕೊಳವೆಗೆ ಎಲೆ ಸಿಕ್ಕಿಕೊಂಡರೆ ಜುಲೈಯಲ್ಲೂ ವಾರಗಟ್ಟಲೆ ಸೊನ್ನೆ ಬರುತ್ತದೆ. ಅಕ್ಕಪಕ್ಕದ ಮೂರು ಮಾಪಕ 20 ಮಿ.ಮೀ. ದಾಟಿದ ದಿನ ಒಂದು ಮಾತ್ರ ಸೊನ್ನೆ ಅಂದರೆ ಅದನ್ನು ಮಳೆ ಇಲ್ಲದ ದಿನ ಅಂತ ಎಣಿಸದೆ ‘ಡೇಟಾ ಇಲ್ಲ’ ಮಾಡಿ. ಇಲ್ಲದಿದ್ದರೆ ಮಾದರಿಗೆ ಅದು ಚಂದದ ಬಿಡುವಿನ ಹಾಗೆ ಕಾಣಿಸುತ್ತದೆ. ಇಷ್ಟೆಲ್ಲ ಮಾಡಿದರೂ ಹವಾಮಾನ ಹೇಳುವುದು ‘ಯಾವಾಗ’ ಅಂತ ಮಾತ್ರ. ‘ಎಲ್ಲಿ’ ಅನ್ನುವುದು ವಾರ್ಡಿನ ಪಾತ್ರೆಗಳ ಎಣಿಕೆಯಿಂದ ಬರಬೇಕು.

---

ಕದ್ರಿ_ಗುಡ್ಡೆ

ಉಪಕಾರ ಆಯಿತು. ಎರಡು ನಮೂನೆಯ ಪಾತ್ರೆ ಇಟ್ಟು ಲೆಕ್ಕ ಹಾಕುತ್ತೇನೆ. ಆದರೆ ಸಮೀಕ್ಷೆಯ ಅಂಕಿ ಎಲ್ಲ ವಾರ ಸಿಗುವುದಿಲ್ಲ. ಅದರ ಬದಲು ಓವಿಟ್ರ್ಯಾಪ್ (ಸೊಳ್ಳೆ ಮೊಟ್ಟೆ ಇಡಲೆಂದು ಒಳಗೆ ಪಟ್ಟಿ ನಿಲ್ಲಿಸಿದ ನೀರಿನ ಡಬ್ಬ) ಇಟ್ಟರೆ ವಾರ್ಡಿಗೆ ಎಷ್ಟು ಬೇಕು? ನಮ್ಮ ಮಳೆಗೆ ಅದು ನಿಲ್ಲುತ್ತದಾ?

---

ದಕ್ಕೆ_ಬೋಟು

ನಿಲ್ಲುತ್ತದೆ, ತೂತು ಹಾಕಿದರೆ. ಒಂದು ಲೀಟರಿನ ಕಪ್ಪು ಪ್ಲಾಸ್ಟಿಕ್ ಡಬ್ಬ, ಎತ್ತರದ ಮೂರನೇ ಎರಡು ಭಾಗದಲ್ಲಿ ಪೆನ್ಸಿಲ್ ತೂರುವಷ್ಟು ತೂತು, ಅದಕ್ಕೆ ಒಳಗಿನಿಂದ ನೈಲಾನ್ ಬಲೆ. ತೂತು ಇಲ್ಲದ ಡಬ್ಬ ತುಂಬಿ ಹರಿದರೆ ಪಟ್ಟಿ ಪೂರ್ತಿ ಮುಳುಗುತ್ತದೆ, ಮೊಟ್ಟೆ ಇಡುವ ಒದ್ದೆ ಅಂಚೇ ಉಳಿಯುವುದಿಲ್ಲ, ಇಟ್ಟ ಮೊಟ್ಟೆಯೂ ಒಡೆದು ಮರಿಯಾಗಿ ಹೋಗುತ್ತದೆ. ಹಾರ್ಡ್‌ಬೋರ್ಡಿನ ಪಟ್ಟಿ 12 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲ, ಒರಟು ಮುಖ ಒಳಕ್ಕೆ. ಅರ್ಧ ಲೀಟರ್ ನೀರು. ನಳ್ಳಿ ನೀರಾದರೆ ಕ್ಲೋರಿನ್ ಹೋಗಲು ರಾತ್ರಿಯಿಡೀ ತೆರೆದಿಡಿ. ನೆಲದಿಂದ ಒಂದು ಮೀಟರಿನೊಳಗೆ, ನೆರಳಿನಲ್ಲಿ, ಮಾಡಿನ ನೀರು ನೇರ ಬೀಳದ ಜಾಗದಲ್ಲಿ ಇಡಿ.

ಏಳು ದಿನಕ್ಕೆ ಪಟ್ಟಿ ತೆಗೆಯಲೇಬೇಕು. ಹತ್ತು ದಿನ ಬಿಟ್ಟರೆ ನೀವೇ ಸೊಳ್ಳೆ ಸಾಕಿದ ಹಾಗೆ ಆಯಿತು. ವಾರ ತಪ್ಪುವ ಸಂಶಯ ಇದ್ದರೆ ಬಿಟಿಐ (ಬ್ಯಾಕ್ಟೀರಿಯಾದಿಂದ ಮಾಡಿದ ಮರಿನಾಶಕ) ಹರಳು ಚೂರು ಹಾಕಿಡಿ, ಅದು ಮರಿಯನ್ನು ಕೊಲ್ಲುತ್ತದೆ, ಮೊಟ್ಟೆಯ ಎಣಿಕೆಗೆ ತೊಂದರೆ ಇಲ್ಲ. ಡಬ್ಬದ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿಯೇ ಹೊಸ ನೀರು ಹಾಕಿ. ಬರೀ ನೀರು ಚೆಲ್ಲಿದರೆ ಹಳೆ ವಾರದ ಮೊಟ್ಟೆ ಗೋಡೆಯಲ್ಲೇ ಉಳಿಯುತ್ತದೆ. ಗುರುತು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹರಡುತ್ತದೆ. ಜುಲೈಯಲ್ಲಿ ಒದ್ದೆ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿದು ಮೊಟ್ಟೆ ಕಾಣುವುದಿಲ್ಲ, ಕಾಗದದಲ್ಲಿ ಸುತ್ತಿ. ಇರುವೆ ಸಾಲು ಕಂಡ ಡಬ್ಬದ ಎಣಿಕೆಯನ್ನು ನಂಬಬೇಡಿ, ಮೊಟ್ಟೆ ಹೊತ್ತುಕೊಂಡು ಹೋಗಿರುತ್ತವೆ.

ಸಂಖ್ಯೆಯ ವಿಷಯ: 20 ಡಬ್ಬ ಇಟ್ಟು 30 ಶೇಕಡ ಪಾಸಿಟಿವ್ (ಮೊಟ್ಟೆ ಸಿಕ್ಕಿದ ಡಬ್ಬ) ಬಂದರೆ ಆಚೀಚೆ 20 ಶೇಕಡದ ತಪ್ಪು ಉಂಟು. 50 ಇಟ್ಟರೆ ಆಚೀಚೆ 13. ವಾರ್ಡಿಗೆ 50 ಇಡುವವರು ಯಾರು? ಹಾಗಾಗಿ ಎಲ್ಲ ವಾರ್ಡಿಗೂ ಐದೈದು ಹಂಚಬೇಡಿ. ಒಂದೇ ತರದ ನಾಲ್ಕೈದು ವಾರ್ಡುಗಳನ್ನು ಸೇರಿಸಿ ಒಂದು ಗುಂಪು ಮಾಡಿ, ಗುಂಪಿಗೆ 50 ಇಡಿ: ಬಂದರು ಮತ್ತು ದಕ್ಕೆಯ (ಬೋಟು ನಿಲ್ಲುವ ಕಟ್ಟೆ) ಬದಿ ಒಂದು, ಹಂಚಿನ ಮನೆ ಮತ್ತು ತೋಟದ ಬದಿ ಒಂದು, ಅಪಾರ್ಟ್‌ಮೆಂಟಿನ ಬದಿ ಒಂದು. ದಕ್ಕೆಯ ಬದಿಗೆ ಪ್ರತ್ಯೇಕ ಗುಂಪು ಯಾಕೆಂದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಬೋಟಿನ ಬದಿಗೆ ಕಟ್ಟಿದ ಟಯರು, ಮೀನಿನ ಪ್ಲಾಸ್ಟಿಕ್ ಬುಟ್ಟಿ, ಮುಚ್ಚಿದ ಟರ್ಪಾಲು, ಎಲ್ಲದರಲ್ಲೂ ಮಳೆನೀರು. ಕಡಲಿಗೆ ಹೋಗುವ ದಿನಗಳಲ್ಲಿ ಇದು ಯಾವುದೂ ಲೆಕ್ಕಕ್ಕಿಲ್ಲ. ಮಲ್ಪೆಯಲ್ಲೂ ಇದೇ. ಯಾವ ಹವಾಮಾನ ಡೇಟಾದಲ್ಲೂ ಕಾಣದ ಸಂಗತಿ, ಮಾದರಿಗೆ 0 ಅಥವಾ 1 ಅಂತ ನೀವೇ ಕೊಡಬೇಕು.

ಮೊಟ್ಟೆ ನೋಡಿ ಈಜಿಪ್ಟೈಯಾ ಆಲ್ಬೋಪಿಕ್ಟಸಾ ಅಂತ ಹೇಳಲಿಕ್ಕಾಗುವುದಿಲ್ಲ. ಕೆಲವು ಪಟ್ಟಿಗಳನ್ನು ಒಣಗಿಸಿ, ಮತ್ತೆ ನೀರಿಗೆ ಹಾಕಿ, ಮುಚ್ಚಿದ ಬಲೆಯೊಳಗೆ ಸೊಳ್ಳೆ ಮಾಡಿ ನೋಡಿ. ಎದೆಯ ಮೇಲೆ ಒಂದೇ ಬಿಳಿ ಗೆರೆ ಇದ್ದರೆ ಆಲ್ಬೋಪಿಕ್ಟಸ್, ಎರಡು ಬದಿಗೆ ಬಾಗಿದ ಗೆರೆ ಇದ್ದರೆ ಈಜಿಪ್ಟೈ.

ಕೊನೆಗೊಂದು: ಜುಲೈಯಲ್ಲಿ ಮೊಟ್ಟೆ ಕಡಿಮೆ ಸಿಕ್ಕಿದರೆ ಸೊಳ್ಳೆ ಕಡಿಮೆ ಅಂತ ತಿಳಿಯಬೇಡಿ. ಸುತ್ತ ಸಾವಿರ ಕಡೆ ನೀರಿರುವಾಗ ನಿಮ್ಮ ಡಬ್ಬಕ್ಕೇ ಬರಬೇಕೆಂದು ಅದಕ್ಕೇನು ಹರಕೆ ಉಂಟಾ?

---

ಸ್ವರ್ಣಾ_ತೀರ

ಎಲ್ಲರೂ ಮಳೆಯನ್ನೇ ಹಿಡಿದುಕೊಂಡದ್ದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಉಡುಪಿಗೆ ನೀರು ಸ್ವರ್ಣೆಯ ಬಜೆ ಅಣೆಕಟ್ಟಿನಿಂದ, ಮಂಗಳೂರಿಗೆ ನೇತ್ರಾವತಿಯ ತುಂಬೆಯಿಂದ. ಏಪ್ರಿಲ್–ಮೇಯಲ್ಲಿ ಹೊಳೆ ಬತ್ತಿದ ವರ್ಷ ನೀರು ದಿನ ಬಿಟ್ಟು ದಿನ, ಕೆಲವೊಮ್ಮೆ ಅದಕ್ಕೂ ಅಪರೂಪ. ಜನ ಡ್ರಮ್ಮು, ಕೊಡ, ಹಂಡೆ ತುಂಬಿಸಿಡುತ್ತಾರೆ. ಈಜಿಪ್ಟೈಗೆ ಆಗಲೇ ಸುಗ್ಗಿ, ಮುಂಗಾರಿಗೆ ಕಾಯುವುದಿಲ್ಲ. ನೀರು ತುಂಬಿಸಿಟ್ಟದ್ದೇ ದೋಷ ಅಲ್ಲ. ಡ್ರಮ್ಮನ್ನು ಪೂರ್ತಿ ಖಾಲಿ ಮಾಡದೆ ಮೇಲಿಂದ ಮೇಲೆ ತುಂಬಿಸುವುದು ದೋಷ. ತಳದಲ್ಲಿ ಹತ್ತು ದಿನದ ಹಳೆ ನೀರು ಯಾವಾಗಲೂ ಇರುತ್ತದೆ.

ಮಾದರಿಗೆ ಬೇಕಾದ ಅಂಕಿ ‘ಎರಡು ಸರಬರಾಜಿನ ನಡುವಿನ ದಿನ’. ಪಾಲಿಕೆ, ನಗರಸಭೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ವಾರದ ಹಾಳೆಗೆ ಬರೆದುಕೊಳ್ಳಿ. ಇಲ್ಲಿಯೂ ಹವಾಮಾನ ಡೇಟಾ ಉಪಯೋಗಕ್ಕೆ ಬರುತ್ತದೆ, ಆದರೆ ಊರಿನ ಮಳೆ ಅಲ್ಲ. ಅಕ್ಟೋಬರಿನಿಂದ ಮೇ ತನಕ ಘಟ್ಟದ ಬುಡದಲ್ಲಿ, ಹೊಳೆಯ ಮೇಲ್ಭಾಗದಲ್ಲಿ ಬಿದ್ದ ಮಳೆ. ಅದು ಕಡಿಮೆಯಾದರೆ ಎರಡು ತಿಂಗಳ ಮೊದಲೇ ಪಡಿತರದ ನೀರಿನ ಸುಳಿವು ಸಿಗುತ್ತದೆ. ಅಂದರೆ ಇಲ್ಲಿ ಮಳೆ ಕಡಿಮೆ ಆದಷ್ಟೂ ಮರಿ ಜಾಸ್ತಿ, ನಿಮ್ಮ ವರ್ಷಪೂರ್ತಿಯ ಸಹಸಂಬಂಧ ಸೊನ್ನೆಯಾದದ್ದಕ್ಕೆ ಇದೂ ಒಂದು ಕಾರಣ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಎರಡು ಮಾದರಿ ಮಾಡಿ.

ಜ್ವರದ ಅಂಕಿಯನ್ನು ಗುರಿಯಾಗಿ ಇಡಬೇಡಿ. ಡೆಂಗೆಗೆ ಲೆಕ್ಕ ಹಾಕಿ ನೋಡಿ: ಮರಿ ಸೊಳ್ಳೆಯಾಗಲು ಒಂಬತ್ತು ದಿನ, ಮೊದಲ ಕಡಿತಕ್ಕೆ ಎರಡು, ವೈರಸ್ ಸೊಳ್ಳೆಯೊಳಗೆ ಬಲಿಯಲು ಎಂಟು, ಮನುಷ್ಯನಲ್ಲಿ ಜ್ವರ ಏಳಲು ಆರು, ಪರೀಕ್ಷೆಯಾಗಿ ಪಟ್ಟಿಗೆ ಬರಲು ನಾಲ್ಕು. ಕಡಿಮೆಯೆಂದರೂ ನಾಲ್ಕು ವಾರ. ವೈವ್ಯಾಕ್ಸ್ ಮಲೇರಿಯಾದಲ್ಲಿ ಇನ್ನೂ ತೊಡಕು, ಪರಾವಲಂಬಿ ಯಕೃತ್ತಿನಲ್ಲಿ ಮಲಗಿ ತಿಂಗಳುಗಳ ಮೇಲೆ ಏಳುತ್ತದೆ. ಅದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯ 14 ದಿನದ ಕೋರ್ಸು ಅರ್ಧಕ್ಕೆ ಬಿಟ್ಟವರ ಮರುಜ್ವರಕ್ಕೂ ಈ ತಿಂಗಳ ಮಳೆಗೂ ಎಂತ ಸಂಬಂಧ? ಬೇರೆ ಊರಿನಿಂದ ಬಂದ ಕಾರ್ಮಿಕರ ಪ್ರಕರಣವೂ ಹಾಗೆಯೇ.

---

ಮುಟ್ಟಾಳೆ

ಬೇಸಿಗೆಯ ಡ್ರಮ್ಮಿನ ಮಾತು ಒಪ್ಪಿದೆ. ಸ್ಟೀಫೆನ್ಸೈಗೆ ಅದನ್ನೇ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಿ. ಅದಕ್ಕೆ ಮಳೆಗಿಂತ ಮುಖ್ಯ ಕಟ್ಟಡ ಕೆಲಸ. ಸ್ಲ್ಯಾಬಿಗೆ ಸಿಮೆಂಟಿನ ಏರಿ ಕಟ್ಟಿ ಕ್ಯೂರಿಂಗ್ ನೀರು ನಿಲ್ಲಿಸುವುದು, ಲಿಫ್ಟಿನ ಗುಂಡಿ, ಮುಚ್ಚಳ ಇಲ್ಲದ ಸಂಪು, ಇಟ್ಟಿಗೆ ನೆನೆಸುವ ತೊಟ್ಟಿ. ವಾರ್ಡಿನಲ್ಲಿ ಲಿಫ್ಟಿನ ಗುಂಡಿಯ ಹಂತದಲ್ಲಿರುವ ಕಟ್ಟಡ ಎಷ್ಟು ಅಂತ ತಿಂಗಳಿಗೊಮ್ಮೆ ಎಣಿಸಿದರೆ ಯಾವ ತೇವಾಂಶದ ಅಂಕಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಂಗಾರಿನಲ್ಲಿ ಕೆಲಸ ನಿಂತ ಕಟ್ಟಡ ಇನ್ನೂ ಅಪಾಯ: ಮಾಡು ಆಗದ ಮಹಡಿಯಲ್ಲಿ ನೀರು ನಿಲ್ಲುತ್ತದೆ, ನೋಡುವವರಿಲ್ಲ.

---

ಬಜಪೆ_ರನ್‌ವೇ

ಮಾದರಿಯ ಕಡೆಯಿಂದ ಇನ್ನಷ್ಟು. ಗುರಿ: ವಾರದಲ್ಲಿ ಲಾರ್ವಾ ಸಿಕ್ಕಿದ ಮನೆಗಳ ಸಂಖ್ಯೆ. ಋಣ ದ್ವಿಪದ (ನೆಗೆಟಿವ್ ಬೈನಾಮಿಯಲ್, ಏರಿಳಿತ ಜಾಸ್ತಿ ಇರುವ ಎಣಿಕೆಗೆ ಬಳಸುವ) ರಿಗ್ರೆಶನ್ ಹಾಕಿ, ಪರಿಶೀಲಿಸಿದ ಮನೆಗಳ ಸಂಖ್ಯೆಯ ಲಾಗರಿದಮ್ ಅನ್ನು ಆಫ್‌ಸೆಟ್ ಆಗಿ ಕೊಡಿ, ಅಂದರೆ ಎಷ್ಟು ಮನೆ ನೋಡಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರಲಿ. ಇದು ತಪ್ಪಿದರೆ ಇನ್ನೊಂದು ಬಲೆ ಉಂಟು: ಜೋರು ಮಳೆಯ ವಾರ ಸಮೀಕ್ಷೆಗೆ ಹೋಗುವವರೇ ಕಡಿಮೆ, ಬೀಗ ಹಾಕಿದ ಮನೆ ಜಾಸ್ತಿ. ಮಳೆ ಮರಿಯನ್ನು ಕಡಿಮೆ ಮಾಡಿತಾ, ಸಮೀಕ್ಷೆಯನ್ನಾ ಅಂತ ಗೊತ್ತಾಗುವುದೇ ಇಲ್ಲ.

ಮಳೆಗಾಲದ ಮಾದರಿಗೆ ನಾಲ್ಕು ಅಂಕಿ ಸಾಕು: ಆಳದ ಪಾತ್ರೆ ಎಷ್ಟು ದಿನದಿಂದ ಒಣಗದೆ ಉಂಟು, ಹಾಳೆ ಎಷ್ಟು ದಿನದಿಂದ ಒಣಗದೆ ಉಂಟು, ಹಿಂದಿನ ಹತ್ತು ದಿನದಲ್ಲಿ ಒಟ್ಟು ಎಷ್ಟು ಹರಿಯಿತು, ಒಣಗಿದ ಮೇಲಿನ ಮೊದಲ ಮಳೆಯ ಗುರುತು. ಬೇಸಿಗೆಯದಕ್ಕೆ ಸರಬರಾಜಿನ ಅಂತರ, ಡ್ರಮ್ಮುಗಳ ಎಣಿಕೆ.

ಪರೀಕ್ಷೆಗೆ ವಾರಗಳನ್ನು ಕಲೆಸಿ ಅರ್ಧ ಅರ್ಧ ಮಾಡಬೇಡಿ. ಪಕ್ಕಪಕ್ಕದ ವಾರಗಳು ಒಂದರ ಹಾಗೆ ಒಂದು ಇರುವುದರಿಂದ ಅಂಕಿ ಚಂದ ಕಾಣುತ್ತದೆ, ಮುಂದಿನ ವರ್ಷಕ್ಕೆ ಮಗುಚುತ್ತದೆ. ಹಿಂದಿನ ವರ್ಷಗಳಲ್ಲಿ ಕಲಿಸಿ ಕೊನೆಯ ವರ್ಷದಲ್ಲಿ ಪರೀಕ್ಷಿಸಿ. ಎದುರಾಳಿಗಳು ಇಬ್ಬರು: ‘ಹಿಂದಿನ ವರ್ಷಗಳ ಇದೇ ವಾರದ ಸರಾಸರಿ’ ಮತ್ತು ‘ಕಳೆದ ವಾರದ್ದೇ ಅಂಕಿ’. ಇವೆರಡನ್ನೂ ಸೋಲಿಸದಿದ್ದರೆ ನಿಮ್ಮ ಮಾದರಿ ಬರೀ ಪಂಚಾಂಗ. ಅಳತೆಗೆ, ಮಾದರಿ ಆರಿಸಿದ ಹತ್ತು ವಾರ್ಡುಗಳಲ್ಲಿ ನಿಜವಾಗಿ ಮೇಲಿನ ಹತ್ತರೊಳಗೆ ಇದ್ದದ್ದು ಎಷ್ಟು ಅಂತ ನೋಡಿ. 60 ವಾರ್ಡುಗಳಲ್ಲಿ ಚೀಟಿ ಎತ್ತಿದರೂ ಸರಾಸರಿ 17 ಶೇಕಡ ಸರಿ ಬರುತ್ತದೆ, ಅದಕ್ಕಿಂತ ಎಷ್ಟು ಮೇಲೆ ಅನ್ನುವುದೇ ಪ್ರಶ್ನೆ.

ಮುನ್ಸೂಚನೆಯ ಮಳೆ ಬೇಕಾ ಅಂದರೆ, ಒಂದು ವಾರದ ಅಂದಾಜಿಗೆ ಹೆಚ್ಚು ಬೇಡ. ಮುಂದಿನ ವಾರ ಏಳುವ ಸೊಳ್ಳೆ ಈಗಾಗಲೇ ನೀರಿನಲ್ಲಿ ಉಂಟು, ಅಳೆದ ಮಳೆಯೇ ಸಾಕು. ಎರಡನೇ ವಾರಕ್ಕೆ ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ವಿಸ್ತೃತ ಅವಧಿಯ ಮುನ್ಸೂಚನೆ ನೋಡಿ, ಮುಂಗಾರು ಬಿರುಸಾಗುತ್ತದಾ ಬಿಡುವು ಕೊಡುತ್ತದಾ ಅಂತ ಮಾತ್ರ ತೆಗೆದುಕೊಳ್ಳಿ. ಪಾತ್ರೆಯ ಲೆಕ್ಕವನ್ನು ಮೂರು ಸಲ ಓಡಿಸಿ: ಮುನ್ಸೂಚನೆಯಷ್ಟೇ ಮಳೆ, ಅರ್ಧ, ಸೊನ್ನೆ. ಮೂರರಲ್ಲೂ ಮೇಲೆ ಬಂದ ವಾರ್ಡಿಗೆ ಮೊದಲು ಜನ ಕಳಿಸಿ. ಬಿಡುವು ಶುರುವಾಗಿ ಮೂರನೇ ದಿನ ಹೊರಟರೆ ಪಾತ್ರೆ ಮಗುಚಲು ಇನ್ನೂ ನಾಲ್ಕೈದು ದಿನ ಕೈಯಲ್ಲಿರುತ್ತದೆ. ಎಂಟನೇ ದಿನ ಹೋದರೆ ಸಿಗುವುದು ಸೊಳ್ಳೆ ಹಾರಿಹೋದ ಖಾಲಿ ಪ್ಯೂಪಾ (ಕೋಶ) ಸಿಪ್ಪೆ.